ಕ್ಯಾಪ್ಟನ್ ಸತ್ತ ಸುದ್ದಿ

ಏಪ್ರಿಲ್ ೫, ೧೯೯೪, ಮಂಗಳವಾರ

ಇವತ್ತೂ ಕೆಟ್ಟ ಕನಸು. ಕಾರ್ಖಾನೆಯ ಹಜಾರದಲ್ಲಿ, ಕೆಲಸ ಮಾಡುವವರಿಗೆಲ್ಲ ಕೇಳುವಂತೆ ಆರ್ಸೆನಿಯೊ ಕೂತು ಪತ್ರಿಕೆ, ಕಾದಂಬರಿ ಓದುವ ಎತ್ತರದ ಕಟ್ಟೆಯ ಮೇಲೆ ನಾನು ಕೂತಿದ್ದೆ. ಕೈಯಲ್ಲಿ ಪುಸ್ತಕ. ಪುಟ ತಿರುಗಿಸಲು ಹೋದರೆ ಅದು ಕಾಗದವಲ್ಲ, ಒಣಗಿದ ಹೊಗೆಸೊಪ್ಪು. ಬೆರಳು ತಾಗಿದ್ದೇ ಪುಡಿಯಾಯಿತು. ಕೆಳಗೆ ಸುರುಟು ಸುತ್ತುವವರೆಲ್ಲ ಕೆಲಸ ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಿಂದ ಅಮ್ಮ "ಜೋರಾಗಿ ಓದೇ, ಕೇಳಿಸ್ತಿಲ್ಲ" ಎಂದು ಕೂಗಿದಳು. ಬಾಯಿ ತೆರೆದೆ. ಬಾಯಿಂದಲೂ ಪುಡಿಯೇ ಬಂತು.

ಎದ್ದು ಹೋಗಿ ಒಲೆ ನೋಡಿದೆ. ಆರಿತ್ತು. ಸೀಮೆಎಣ್ಣೆ ಮುಗಿದು ಎಷ್ಟೋ ದಿನವಾಯಿತು, ಆರದೆ ಏನು ಮಾಡೀತು? ಮಲಗಿದ ಮೇಲೆ ಮತ್ತೆ ಅನುಮಾನ ಬಂದು ಇನ್ನೊಮ್ಮೆ ಎದ್ದೆ.

ಕನಸು ಎಲ್ಲಿಂದ ಬಂತೆಂದು ಗೊತ್ತು. ಜನವರಿಯಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಆಯಸ್ಸೆಲ್ಲ ಹಜಾರದಲ್ಲಿ ಸುರುಟು ಸುತ್ತಿದವಳು. ಕೈ ಎಲೆಯ ಮೇಲೆ, ಕಿವಿ ಓದುಗನ ಮೇಲೆ. ಅಕ್ಷರ ಬರುವುದು ಸಹಿ ಹಾಕುವಷ್ಟು ಮಾತ್ರ. ಯಾರಾದರೂ ಆಡಿಕೊಂಡರೆ, "ನನ್ನ ಕಿವಿ ಓದಿದಷ್ಟು ನಿಮ್ಮ ಕಣ್ಣು ಓದಿಲ್ಲ, ಹೋಗ್ರೋ" ಎನ್ನುತ್ತಾಳೆ. ಅವಳು ಬೀಳುವ ಮುಂಚೆ ಹಜಾರದಲ್ಲಿ ಉಪ್ಪಿನ ಆಗರದ ಕಾದಂಬರಿ ಶುರುವಾಗಿತ್ತು. ಅದೇ ಬೇಕೆಂದು ಕೈ ಎತ್ತಿದವರಲ್ಲಿ ಅವಳೂ ಒಬ್ಬಳು. ಈಗ ಸಂಜೆ ನಾನು ಮನೆಗೆ ಕಾಲಿಟ್ಟರೆ ಸಾಕು, "ಕ್ಯಾಪ್ಟನ್ ಬಾಲ್ತಸಾರ್ ಏನ್ ಮಾಡ್ದ ಇವತ್ತು?" ಕಥೆ ಹೇಳುತ್ತಿದ್ದರೆ ಊಟ ಮಾಡುತ್ತಾಳೆ. ಕಥೆ ನಿಂತರೆ ಚಮಚವೂ ನಿಲ್ಲುತ್ತದೆ.

ನನಗೇನು ಗೊತ್ತೆಂದು ಹೇಳಲಿ? ನಾನಿರುವುದು ಪೆಟ್ಟಿಗೆ ಕೋಣೆಯಲ್ಲಿ, ಸುರುಟಿಗೆ ಬಣ್ಣದ ಪಟ್ಟಿ ಅಂಟಿಸಿ ಪೆಟ್ಟಿಗೆಯಲ್ಲಿ ಜೋಡಿಸುವ ಕೆಲಸ. ಕರೆಂಟು ಇದ್ದಾಗ ಮೈಕಿನಲ್ಲಿ ಓದಿದ್ದು ಇಲ್ಲಿಗೂ ಕೇಳುತ್ತಿತ್ತು. ಈಗ ಬೆಳಿಗ್ಗೆ ಪತ್ರಿಕೆ ಓದುವಾಗ ಕರೆಂಟು ಇರುತ್ತದೆ, ಮಧ್ಯಾಹ್ನ ಕಾದಂಬರಿಯ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಆರ್ಸೆನಿಯೊ ಬರಿಗಂಟಲಲ್ಲಿ ಓದುತ್ತಾರೆ. ಓಣಿ ದಾಟಿ ನಮ್ಮ ಬಾಗಿಲಿಗೆ ಬರುವುದು ಚೂರುಪಾರು. ಒಂದು ಹೆಸರು, ಒಂದು "ಆದರೆ", ಹಿಂದೆಯೇ ಹಜಾರದ ನಗು. ಆಮೇಲೆ ಮೆಚ್ಚಿಗೆಗೆ ಎಲ್ಲರೂ ಎಲೆ ಕೊಯ್ಯುವ ಕತ್ತಿಯಿಂದ ಮಣೆ ಕುಟ್ಟುವ ಸದ್ದು. ಏನನ್ನು ಮೆಚ್ಚಿದರೋ ದೇವರಿಗೇ ಗೊತ್ತು. ನಡುವಿನದನ್ನು ನಾನೇ ತುಂಬಿಕೊಂಡು ಅಮ್ಮನಿಗೆ ಹೇಳುತ್ತೇನೆ. ಎಲ್ಲೋ ತಪ್ಪು ತುಂಬಿದ್ದರೆ? ದಿನವಿಡೀ ಇದೇ ಕೊರೆತ.

ಏಪ್ರಿಲ್ ೮, ಶುಕ್ರವಾರ

ಇವತ್ತು ಮಧ್ಯಾಹ್ನ ಹಜಾರ ಇದ್ದಕ್ಕಿದ್ದಂತೆ ತಣ್ಣಗಾಯಿತು. ನಗುವಿಲ್ಲ, ಮಣೆ ಕುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮೂಗು ಸೀಟುವ ಸದ್ದು, ಒಬ್ಬರದಲ್ಲ, ಹಲವರದು. ನೀರಿನ ನೆಪ ಮಾಡಿ ಓಣಿಗೆ ಹೋದೆ. ಗಂಡಸರೇ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಏನಾಯ್ತು?" ಎಂದರೆ ಒಬ್ಬ ಕೈಯಾಡಿಸಿ ಹೋದ.

ಮೊನ್ನೆಯಷ್ಟೇ ಕ್ಯಾಪ್ಟನ್‌ಗೆ ಜ್ವರ ಎಂದು ಕಿವಿಗೆ ಬಿದ್ದಿತ್ತು. ಜ್ವರ, ಆಮೇಲೆ ಅಳು. ಇನ್ನೇನಿರುತ್ತದೆ?

ಮನೆಗೆ ಬಂದು ಹೇಳಿಬಿಟ್ಟೆ.

"ಹೆಂಗ್ ಸತ್ತ?"

"ಜ್ವರ ಅಮ್ಮಾ."

"ಪಕ್ಕದಲ್ಲಿ ಯಾರಿದ್ರು?"

"ಇನೆಸ್ ಇದ್ದಳು," ಎಂದೆ. ಅವನು ಪ್ರೀತಿಸಿದವಳು ಅವಳು. ಅವಳಾದರೂ ಇರಲಿ ಎನಿಸಿತು.

ಅಮ್ಮ ಚಮಚವನ್ನು ತಟ್ಟೆಯಲ್ಲಿಟ್ಟು ಗೋಡೆಯ ಕಡೆ ಮುಖ ಮಾಡಿದಳು.

ಏಪ್ರಿಲ್ ೧೦, ಭಾನುವಾರ

ತಿನ್ನುತ್ತಿಲ್ಲ. ಬಟಾಣಿ ಬೆರೆಸಿದ ಆ ರೇಷನ್ ಕಾಫಿಯನ್ನೂ ಮುಟ್ಟಲಿಲ್ಲ. ಅದನ್ನು ಬಯ್ಯುತ್ತಲಾದರೂ ಕುಡಿಯುತ್ತಿದ್ದಳು. ಈಗ ಬಯ್ಯುವುದೂ ಇಲ್ಲ. "ಅವನೇ ಹೋದ್ಮೇಲೆ ಇನ್ನೇನ್ ಕೇಳೋದು" ಎಂದದ್ದು ಬಿಟ್ಟರೆ ಮಾತಿಲ್ಲ. ಉಸಿರಾಡುತ್ತಿದ್ದಾಳೋ ಎಂದು ಎದ್ದೆದ್ದು ನೋಡಿದೆ. ಒಲೆ, ನಲ್ಲಿ, ಹಿತ್ತಲ ಬಾಗಿಲು, ಮತ್ತೆ ಅಮ್ಮ. ಮತ್ತೆ ಒಲೆ.

ಏಪ್ರಿಲ್ ೧೧, ಸೋಮವಾರ

ಎಡೆಲ್ಮಿರಾ ಬಂದಿದ್ದಳು. ಹಜಾರದಲ್ಲಿ ಅಮ್ಮನ ಪಕ್ಕದ ಮಣೆಯವಳು, ಅಮ್ಮನ ವಾರಿಗೆಯವಳಲ್ಲದಿದ್ದರೂ ಅಮ್ಮನಷ್ಟೇ ಬಾಯಿ. ಸೈಕಲ್ಲನ್ನು ಒಳಗೇ ತಂದು ನಿಲ್ಲಿಸಿ, ಅಮ್ಮನ ಮುಖ ನೋಡಿ ಗಾಬರಿಯಾದಳು.

"ಏನ್ ಲಿಯೊಕಾದಿಯಾ, ಮನೇಲಿ ಯಾರಾದ್ರೂ ತೀರಿಕೊಂಡ್ರಾ?"

"ಕ್ಯಾಪ್ಟನ್ ಹೋದ್ನಲ್ಲೇ," ಎಂದಳು ಅಮ್ಮ.

"ಯಾವ್ ಕ್ಯಾಪ್ಟನ್? ಬಾಲ್ತಸಾರಾ? ಅಯ್ಯೋ ನಿನ್ನ, ಇವತ್ತು ಮಧ್ಯಾಹ್ನ ತಾನೇ ಆಗರದ ಧಣಿ ಮೂತಿಗೆ ಗುದ್ದಿ ಜೈಲಿಗೆ ಹೋದ! ಎಂಥಾ ಗುದ್ದು ಅಂತೀಯ! ಮಣೆ ಒಡೆಯೋ ಹಂಗೆ ಕುಟ್ಟಿದ್ವಿ!"

"ಮತ್ತೆ ಶುಕ್ರವಾರ ಎಲ್ಲರೂ ಅತ್ತಿದ್ದು?" ಎಂದೆ ನಾನು.

"ಹೇಸರಗತ್ತೆಗೆ! ಉಪ್ಪಿನ ಗಾಡಿ ಎಳೀತಿತ್ತಲ್ಲ, ಆ ಕುರುಡು ಹೇಸರಗತ್ತೆ, ಅದು ಸತ್ತಿದ್ದು. ನಮ್ಮ ಮೇಸ್ತ್ರಿ, ಹೆಂಡತಿ ಬಿಟ್ಟುಹೋದಾಗ ಕಣ್ಣೀರು ಹಾಕದೆ ಇದ್ದೋನು, ಅವನೂ ಅತ್ತ ಕಣೇ."

ಅಮ್ಮ ಮೊಣಕೈ ಊರಿ ಎದ್ದಳು. ಮೂರು ತಿಂಗಳಲ್ಲಿ ಅಷ್ಟು ಎದ್ದದ್ದು ಅದೇ ಮೊದಲು.

"ಬದುಕಿರೋ ಗಂಡಸನ್ನ ಕೊಂದ್ಬಿಟ್ಯಲ್ಲೇ! ಸಾರು ಬಿಟ್ಟೆ, ರೊಟ್ಟಿ ಬಿಟ್ಟೆ, ಅವನಿಗೋಸ್ಕರ ಜಪ ಕೂಡ ಮಾಡ್ದೆ! ಹುಟ್ಟಿದಾಗಿಂದ ನಿಂಗೆ ಇದೇ ರೋಗ. ಮೋಡ ಕಂಡ್ರೆ ಚಂಡಮಾರುತ, ಕೆಮ್ಮು ಕೇಳಿದ್ರೆ ಶವದ ಪೆಟ್ಟಿಗೆ!"

"ಅಮ್ಮಾ, ಕೇಳಿಸಿದ್ದು ಅಷ್ಟೇ..."

"ಇನ್ಮೇಲೆ ಕೇಳಿಸಿದ್ದು ಬೇಡ, ಅನ್ಸಿದ್ದೂ ಬೇಡ. ಪುಸ್ತಕ ತಂದು ಓದು. ಬರೆದಿರೋದನ್ನ, ಬರೆದಿರೋ ಹಂಗೆ."

ಎಡೆಲ್ಮಿರಾ ನಕ್ಕೂ ನಕ್ಕೂ ಸೈಕಲ್ಲಿಗೆ ಆತುಕೊಂಡಳು. ಅಮ್ಮ ಒಂದು ಬಟ್ಟಲು ಸಾರು ಪೂರ್ತಿ ಕುಡಿದಳು, ನನ್ನನ್ನು ದುರುಗುಟ್ಟಿಕೊಂಡೇ. ಕುಡಿದಳಲ್ಲ, ಅಷ್ಟು ಸಾಕು. ಆದರೆ ಓದುವುದೆಂದರೆ ಯಾರು? ನಾನಾ?

ಏಪ್ರಿಲ್ ೧೨, ಮಂಗಳವಾರ

ಊರ ಲೈಬ್ರರಿಯಲ್ಲಿ ಆ ಪುಸ್ತಕ ಒಂದೇ ಒಂದಿದೆ. ಹಜಾರದಲ್ಲಿ ಓದಲು ಶುರುಮಾಡಿದ ಪುಸ್ತಕಕ್ಕೆ ಊರೆಲ್ಲ ಹೆಸರು ಬರೆಸುವುದು ಮಾಮೂಲು. ನನ್ನ ಸರದಿ ಬರುವುದು ಕ್ರಿಸ್‌ಮಸ್ ಹೊತ್ತಿಗಂತೆ. ಕೊನೆಗೆ ಆರ್ಸೆನಿಯೊ ಹತ್ತಿರವೇ ಹೋದೆ. ಹೋಗುವ ಮುಂಚೆ ಓಣಿಯಲ್ಲಿ ಎರಡು ಸಲ ಹಿಂದಕ್ಕೆ ಬಂದಿದ್ದೆ.

ಅವರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು. "ನೋಡು ಮಿಗ್ದಾಲಿಯಾ, ಪುಸ್ತಕ ನಂದಲ್ಲ, ಹಜಾರದ್ದು. ಸಂಜೆ ತಗೊಂಡು ಹೋಗು, ಬೆಳಿಗ್ಗೆ ಪತ್ರಿಕೆ ಓದೋದ್ರೊಳಗೆ ವಾಪಸ್ ಇಡು. ಒಂದೇ ಷರತ್ತು. ಹಜಾರ ಕೇಳಿರೋದಕ್ಕಿಂತ ಒಂದು ಸಾಲೂ ಮುಂದೆ ಹೋಗ್ಬಾರ್ದು. ಮುಂದೇನಾಗುತ್ತೆ ಅಂತ ಗೊತ್ತಿರೋರು ಒಬ್ರು ಇಲ್ಲಿ ಓಡಾಡ್ತಿದ್ರೆ, ಊಟದ ಹೊತ್ತಿಗೆ ಅದು ಎಲ್ರಿಗೂ ಗೊತ್ತಿರುತ್ತೆ. ಆಮೇಲೆ ನಾನ್ಯಾಕೆ ಇಲ್ಲಿ?"

ಹಜಾರ ನಿಂತ ಕಡೆ ಸುರುಟಿನ ಪಟ್ಟಿಯೊಂದನ್ನು ಗುರುತಿಗೆ ಇಟ್ಟುಕೊಟ್ಟರು. ಪುಸ್ತಕವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದೆ. ಮಳೆ ಬಂದರೆ? ಯಾರಾದರೂ ಕಿತ್ತುಕೊಂಡರೆ? ಮೋಡವಿರಲಿಲ್ಲ.

ನಾನು ತಪ್ಪು ಹೇಳಿದ ಕಡೆಗಿಂತ ಸ್ವಲ್ಪ ಹಿಂದಿನಿಂದ ಓದಲು ಕೂತೆ. ಅಪ್ಪ ಸತ್ತ ವರ್ಷ ನಾಲ್ಕನೆಯ ತರಗತಿ ಬಿಟ್ಟವಳು ನಾನು. ದೊಡ್ಡವಳಾದ ಮೇಲೆ ರಾತ್ರಿ ಶಾಲೆಗೆ ಸೇರಿದೆ, ಅದನ್ನೂ ನಡುವೆ ಬಿಟ್ಟೆ. ತುಟಿ ಅಲ್ಲಾಡಿಸದೆ ಓದಲು ಬರುವುದಿಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ಅದರ ಶುರು ಮರೆತುಹೋಗುತ್ತದೆ. ಕ್ಯಾಪ್ಟನ್ ದೋಣಿಯಿಂದ ಇಳಿಯುವುದಕ್ಕೇ ಅರ್ಧ ಸಂಜೆ ಹಿಡಿಯಿತು.

"ಓದ್ತಿದೀಯೋ, ಅಕ್ಕೀಲಿ ಕಲ್ಲು ಆರಿಸ್ತಿದೀಯೋ?" ಎಂದಳು ಅಮ್ಮ.

ಆದರೂ ನಿಲ್ಲಿಸು ಎನ್ನಲಿಲ್ಲ.

ಏಪ್ರಿಲ್ ೧೫, ಶುಕ್ರವಾರ

ಹೊತ್ತೇ ಇಲ್ಲ. ಜನ ಎಲ್ಲಿಂದ ತರುತ್ತಾರೆ ಹೊತ್ತನ್ನು? ಬೆಳಿಗ್ಗೆ ಏಳುವುದು, ನೀರು ಬಂದಿದ್ದರೆ ಹಿಡಿಯುವುದು, ಬಾರದಿದ್ದರೆ ಬಾವಿಯವರ ಮನೆಗೆ ಓಡುವುದು. ಅಮ್ಮನನ್ನು ಒರೆಸಿ ಮಗ್ಗುಲು ಬದಲಿಸುವುದು. ಕಾರ್ಖಾನೆ. ಅಲ್ಲಿಂದ ರೊಟ್ಟಿಯ ಸರದಿ, ಇದ್ದಿಲಿನ ಸರದಿ, ಸಾಬೂನು ಬಂದಿದೆ ಎಂದು ಯಾರೋ ಹೇಳಿದರೆ ಅದರ ಸರದಿ. ಇದ್ದಿಲು ಹೊತ್ತಿಸಲು ಊದಿ ಊದಿ ಕಣ್ಣು ಕೆಂಪು. ಸಿಹಿಗೆಣಸು ಬೇಯುವ ಹೊತ್ತಿಗೆ ಬೆಳಕೂ ಹೋಗಿರುತ್ತದೆ, ಕರೆಂಟೂ ಹೋಗಿರುತ್ತದೆ. ಇರುವ ಒಂದು ಮೋಂಬತ್ತಿಯನ್ನು ಕಥೆಗೆ ಸುಟ್ಟರೆ ಅಮ್ಮನಿಗೆ ನಡುರಾತ್ರಿ ಏನಾದರೂ ಆದಾಗ ಏನು ಮಾಡಲಿ?

ಎಣ್ಣೆಬಟ್ಟೆ ಬಿಚ್ಚದೆಯೇ ಪುಸ್ತಕ ವಾಪಸ್ಸು ಹೋಯಿತು, ನಿನ್ನೆಯೂ ಇವತ್ತೂ. ಅಮ್ಮ ಕೇಳಲಿಲ್ಲ. ಕೇಳದೆ ಇರುವುದೇ ಹೆದರಿಕೆ.

ಏಪ್ರಿಲ್ ೧೯, ಮಂಗಳವಾರ

ಮಾನ ಹೋಯಿತು. ಇನ್ನು ಆ ರೊಟ್ಟಿ ಅಂಗಡಿಯ ಬೀದಿಯಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಸರದಿಯಲ್ಲಿ ಕಾಯುವಾಗ ಓದಿಕೊಂಡರೆ, ಸಂಜೆ ಅಮ್ಮನ ಮುಂದೆ ತಡವರಿಸುವುದು ಕಡಿಮೆಯಾದೀತು ಎಂದುಕೊಂಡು ಪುಸ್ತಕ ತೆಗೆದೆ. ನಮ್ಮಲ್ಲಿ ಸರದಿಯೆಂದರೆ ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುವುದಲ್ಲವಲ್ಲ. ಬಂದವರು "ಕೊನೇರು ಯಾರು?" ಎಂದು ಕೂಗಬೇಕು, ಕೊನೆಯವರು "ನಾನು" ಎನ್ನಬೇಕು. ಆಮೇಲೆ ಎಲ್ಲಿ ಬೇಕಾದರೂ ನೆರಳು ಹುಡುಕಿ ಕೂರಬಹುದು, ಯಾರ ಹಿಂದೆ ತಾನು ಎಂಬುದು ನೆನಪಿದ್ದರೆ ಸಾಕು. ನಾನು ಕೊನೆಯವಳಾಗಿದ್ದೆ. ಕಟ್ಟೆಯ ಮೇಲೆ ಕೂತೆ. ಕ್ಯಾಪ್ಟನ್ ಜೈಲಿನ ಕಿಂಡಿಯಿಂದ ಉಪ್ಪಿನ ಗುಡ್ಡೆಗಳನ್ನು ನೋಡುತ್ತಿದ್ದ. ಬೆಳದಿಂಗಳಲ್ಲಿ ಅವು ಮಲಗಿದ ದನಗಳ ಹಾಗೆ ಕಾಣುತ್ತವೆಂದು ಬರೆದಿದೆ. ಮಲಗಿದ ದನಗಳು! ಅದನ್ನೇ ಎರಡು ಸಲ ಓದಿದೆ.

ಅಷ್ಟರಲ್ಲಿ ಒಬ್ಬಾತ ಬಂದು "ಕೊನೇರು ಯಾರು?" ಎಂದನಂತೆ. ನಾನು ಬಾಯಿ ಬಿಡಲಿಲ್ಲವಂತೆ. ನನ್ನ ಮುಂದಿದ್ದ ಹೆಂಗಸೇ ಕೈ ಎತ್ತಿದಳಂತೆ. ಆತ ಅವಳ ಹಿಂದೆ, ಆತನ ಹಿಂದೆ ಇನ್ನೊಬ್ಬಳು. ಆಮೇಲೆ ಬಂದ ಕ್ಷೌರದಂಗಡಿಯ ಮುದುಕ ಮಾತ್ರ ನನ್ನನ್ನು ಮೊದಲೇ ನೋಡಿದ್ದರಿಂದ ನನ್ನ ಹಿಂದೆ, ಅವನ ಹಿಂದೆ ಮತ್ತಷ್ಟು ಜನ. ಒಂದೇ ಸರದಿಗೆ ಎರಡು ಬಾಲ! ಅಂಗಡಿ ತೆರೆದಾಗ ಎರಡೂ ಬಾಲ ಒಟ್ಟಿಗೆ ನುಗ್ಗಿದವು.

"ಏ ಕನ್ನಡಕ ಇಲ್ದಿರೋ ಪ್ರೊಫೆಸರಮ್ಮ, ಕಿವಿ ಮಾರ್ಕೊಂಡಿದೀಯಾ?"

"ನಾನು ಇವಳ ಹಿಂದೆ ಕಣಯ್ಯಾ, ಇವಳೇ ಸಾಕ್ಷಿ!"

"ಆ ಸಾಕ್ಷಿ ಇಲ್ಲಿರ್ಲಿಲ್ಲ ತಾತ, ಪುಸ್ತಕದೊಳಗಿದ್ಲು!"

ರೊಟ್ಟಿ ಸಿಕ್ಕಿತು, ಒಂದು ಮೂಲೆ ಜಜ್ಜಿಹೋಗಿತ್ತು. ಪುಸ್ತಕಕ್ಕೇನೂ ಆಗಲಿಲ್ಲ. ಮೊದಲು ನೋಡಿದ್ದು ಅದನ್ನೇ.

ಸಂಜೆ ಅಮ್ಮನಿಗೆ ಆ ದನಗಳ ಸಾಲು ನಿಲ್ಲದೆ ಓದಿದೆ. "ಹ್ಞೂಂ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡದು.

ಏಪ್ರಿಲ್ ೨೪, ಭಾನುವಾರ

ನೀರು ಹಿಡಿಯುವಾಗ ಬಿಂದಿಗೆ ತುಂಬಲು ತಗಲುವ ಹೊತ್ತು ಒಂದು ಪುಟಕ್ಕೆ ಸರಿಹೋಗುತ್ತದೆ. ಕಾಳು ಬೇಯುವಾಗ ಐದಾರು ಪುಟ. ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವುದನ್ನು ಬಿಟ್ಟೆ. ಮಲಗಿದರೆ ಮತ್ತೆ ಸುಕ್ಕೇ ತಾನೇ. ಮಂಚವನ್ನು ಕಿಟಕಿಗೆ ಎಳೆದಿದ್ದೇನೆ, ಬೀದಿಯ ಬೆಳಕು ಸಂಜೆ ಇನ್ನೊಂದಿಷ್ಟು ಹೊತ್ತು ಸಿಗುತ್ತದೆ. ನಡುವೆ ತಪ್ಪಿಹೋದದ್ದೆಲ್ಲ ಮುಗಿದು, ಹಜಾರ ಇರುವ ಕಡೆಗೇ ನಾವೂ ಬಂದಿದ್ದೇವೆ.

ಎಡೆಲ್ಮಿರಾ ಬಂದವಳು ಬಾಗಿಲಲ್ಲೇ ನಿಂತು, "ಏನೇ ಮಿಗ್ದಾ, ಅಂಗಳ ಗುಡಿಸಿ ಎಷ್ಟು ದಿನ ಆಯ್ತು? ಎಲೆ ರಾಶೀಲಿ ನಿನ್ನ ಕೋಳಿ ದಾರಿ ತಪ್ಪಿಸ್ಕೊಂಡಿದೆ," ಎಂದಳು.

"ಮುಗಿಸಿ ಬಂದೆ ಇರು," ಎಂದೆ. ಅಧ್ಯಾಯವನ್ನು ಹೇಳಿದ್ದು. ಅವಳು ಅಂಗಳವೆಂದು ತಿಳಿದು ತಾನೇ ಪೊರಕೆ ಹಿಡಿದಳು. ಹಿಡಿಯಲಿ ಬಿಡು.

ಏಪ್ರಿಲ್ ೨೭, ಬುಧವಾರ

ಡಾಕ್ಟರು ಬಂದಿದ್ದರು. ಮೂಳೆ ಸರಿಯಾಗಿ ಕೂಡಿಲ್ಲ, ತೆರೆದು ಕೂಡಿಸಬೇಕು, ದೊಡ್ಡಾಸ್ಪತ್ರೆಯಲ್ಲಿ ಸರದಿ ಸಿಕ್ಕಿದೆ, ಬರುವ ಬುಧವಾರ ಗಾಡಿ ಬರುತ್ತದೆ ಎಂದರು. ಹೊರಗೆ ಕರೆದು, ಈ ವಯಸ್ಸಿಗೆ ಅರಿವಳಿಕೆ ಕೊಡುವುದೇ ಒಂದು ಗಂಡಾಂತರ, ಮನಸ್ಸು ಗಟ್ಟಿ ಇರಲಿ, ಹೊಟ್ಟೆಗೆ ಚೆನ್ನಾಗಿ ಹಾಕಿ ಎಂದರು. ಇದನ್ನು ಬಿಟ್ಟರೆ ಮತ್ತೆ ಸರದಿ ಯಾವಾಗಲೋ. ಬಿಟ್ಟರೆ ಇನ್ನು ನಡೆಯುವುದೂ ಇಲ್ಲ, ಮಲಗಿದ್ದಲ್ಲೇ ಎದೆ ಕಟ್ಟಿ... ಬರೆಯುವುದಿಲ್ಲ.

ಅಮ್ಮ ಕೈ ಕಟ್ಟಿಕೊಂಡು, "ಬರಲ್ಲ," ಎಂದಳು.

"ಅಮ್ಮಾ!"

"ಇನ್ನೂ ಜೈಲಲ್ಲಿದಾನೆ ಅವನು. ಇನೆಸ್‌ಗೆ ಕಾಗದ ತಲುಪ್ತೋ ಇಲ್ವೋ ಗೊತ್ತಿಲ್ಲ. ಅರ್ಧ ಕಥೇಲಿ ಎದ್ದು ಹೋಗಿ ಆ ಮೇಜಿನ ಮೇಲೆ ಮಲಕ್ಕೋ ಅಂತೀಯಾ? ಏಳದೆ ಹೋದ್ರೆ?"

"ಹಂಗೆಲ್ಲ ಅನ್ಬೇಡ."

"ನಾನಲ್ಲ ಅನ್ನೋದು, ನಿನ್ನ ಮುಖ ಅಂತಿದೆ. ಮುಗೀಲಿ, ಹೋಗ್ತೀನಿ."

ಹಜಾರದ ವೇಗದಲ್ಲಿ ಮುಗಿಯಲು ಮೇ ಪೂರ್ತಿ ಬೇಕು. ಗಾಡಿ ಬರುವುದು ಬುಧವಾರ.

ಏಪ್ರಿಲ್ ೨೯, ಶುಕ್ರವಾರ

ನಿನ್ನೆ ಕೇಳಿದ್ದಕ್ಕೆ ಆರ್ಸೆನಿಯೊ, "ಬಿಡೋದಕ್ಕೆ ನಾನ್ಯಾರು? ಹಜಾರವನ್ನೇ ಕೇಳು," ಎಂದಿದ್ದರು. ಇವತ್ತು ಕಾದಂಬರಿ ಶುರುವಾಗುವ ಮುಂಚೆ ಕಟ್ಟೆಯ ಹತ್ತಿರ ಕರೆದರು. ಕೆಳಗೆ ನಿಂತೇ ಹೇಳುತ್ತೇನೆಂದೆ. "ಕೆಳಗಿಂದ ಕೇಳ್ಸಲ್ಲಮ್ಮಾ," ಎಂದರು ಹಿಂದಿನ ಸಾಲಿನವರು. ಹತ್ತಿದೆ.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಅಮ್ಮನಿಗೆ ಬುಧವಾರ ಗಾಡಿ ಬರುತ್ತದೆ, ಕಥೆ ಮುಗಿಯದೆ ಹತ್ತುವುದಿಲ್ಲ ಎನ್ನುತ್ತಾಳೆ, ಹಜಾರಕ್ಕಿಂತ ಮುಂದೆ ಓದಲು ಬಿಡಿ ಎಂದೆ.

"ನಾವಿಲ್ಲಿ ಎಷ್ಟೋ ದಿನದಿಂದ ಕಾದು ಕೂತಿದೀವಿ, ಅವಳು ಮೊದಲು ಕೇಳ್ಬಿಡೋದಾ?" ಎಂದ ಒಬ್ಬ.

"ನೀನೂ ಸೊಂಟ ಮುರ್ಕೊಂಡು ಬಾ, ನಿಂಗೂ ಬಿಡ್ತೀವಿ," ಎಂದಳು ಎಡೆಲ್ಮಿರಾ.

"ಬಿಡೋಣ. ಆದ್ರೆ ತಾಯಿ ಮಗಳು ಇಬ್ರೂ ಬಾಯಿ ಬಿಡ್ಕೂಡ್ದು," ಎಂದರು ಮೇಸ್ತ್ರಿ.

"ಮಿಗ್ದಾ ಸರಿ. ಲಿಯೊಕಾದಿಯಾ ಬಾಯಿ ಮುಚ್ಕೊಂಡಿದ್ದನ್ನ ಯಾರಾದ್ರೂ ನೋಡಿದೀರಾ?"

ನಗು. ನಗುವಿನ ನಡುವೆ ಯಾರೋ ಒಬ್ಬರು ಮಣೆ ಕುಟ್ಟಿದರು. ಇನ್ನೊಬ್ಬರು. ಆಮೇಲೆ ಸಾಲುಸಾಲಾಗಿ. ಕಟ್ಟೆಯ ಮೇಲೆ ನಿಂತರೆ ಆ ಸದ್ದು ಅಂಗಾಲಿನಿಂದ ಬರುತ್ತದೆ. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ್ದೆ, ಹೀಗೆಂದು ಗೊತ್ತಿರಲಿಲ್ಲ.

ಸೋಮವಾರದ ತನಕ ಪುಸ್ತಕ ನನ್ನದು.

ಮೇ ೧, ಭಾನುವಾರ

ಎಲ್ಲರೂ ಕಾರ್ಮಿಕರ ದಿನದ ಮೆರವಣಿಗೆಗೆ ಹೋದರು. ನಾವು ಹೋಗಲಿಲ್ಲ. ಬೆಳಗಿನಿಂದ ಓದು. ಗಂಟಲು ಕಟ್ಟಿದರೆ ಸಕ್ಕರೆ ನೀರು, 
ಮತ್ತೆ ಓದು. ಇನೆಸ್‌ಗೆ ಕಾಗದ ತಲುಪಿತು. ಕ್ಯಾಪ್ಟನ್ ಬಿಡುಗಡೆಯಾದ. ಧಣಿಯ ಮಾತಿಗೆ ಅಮ್ಮ ಬೇರೆ ದನಿ ಕೇಳಿದಳು, ಕೊಟ್ಟೆ. "ಇನ್ನೂ ಮೂಗಲ್ಲಿ ಮಾತಾಡ್ಸು ಆ ಬೇವಾರ್ಸಿನ," ಎಂದಳು.

ಮಧ್ಯಾಹ್ನ ಅವಳು ನಿದ್ದೆ ಹೋದಾಗ ನಾನು ನಿಲ್ಲಿಸಲಾರದೆ ಒಬ್ಬಳೇ ಮುಂದಕ್ಕೆ ಹೋದೆ. ಕೊನೆಯವರೆಗೂ ಹೋದೆ.

ಕ್ಯಾಪ್ಟನ್ ಸಾಯುತ್ತಾನೆ.

ಜೈಲಿನಲ್ಲೂ ಬಿಡದ ಜ್ವರ ಮೈಯಲ್ಲೇ ಇತ್ತು. ಇನೆಸ್ ಮನೆಯ ದೀಪ ಕಾಣುವಷ್ಟು ಹತ್ತಿರ ಬಂದು, ಸುಧಾರಿಸಿಕೊಳ್ಳಲು ಬಾವಿಯ ಕಟ್ಟೆಯ ಮೇಲೆ ಕೂರುತ್ತಾನೆ. ಏಳುವುದಿಲ್ಲ. ಅಷ್ಟೇ. ಆಮೇಲೆ ಒಂದೂವರೆ ಪುಟ ಬರೀ ಗಾಳಿ, ಉಪ್ಪು.

ನಾನು ಕೊಂದದ್ದು ತಪ್ಪಾಗಿರಲಿಲ್ಲ, ಬೇಗ ಕೊಂದೆ ಅಷ್ಟೇ. ಅತ್ತೆ. ಅನ್ನ ತಳ ಹತ್ತಿತು, ನಾಳೆ ಉಜ್ಜಿದರಾಯಿತು.

ಬುಧವಾರ ಗಾಡಿ ಬರುತ್ತದೆ. ಈ ಸಾವನ್ನು ಅವಳ ಕಿವಿಯಲ್ಲಿಟ್ಟು ಹೇಗೆ ಕಳಿಸಲಿ? ಅವತ್ತು ಮೂರು ದಿನ ಅನ್ನ ಬಿಟ್ಟಿದ್ದಳು.

ಮೇ ೨, ಸೋಮವಾರ

ಅಮ್ಮನಿಗೆ ಕೊನೆಯ ಅಧ್ಯಾಯ ಉಳಿಸಿದ್ದೇನೆ, ಗಂಟಲು ನೋವು ಎಂದು ಸುಳ್ಳು ಹೇಳಿದೆ. ಪುಸ್ತಕ ಇನ್ನೊಂದು ಸಂಜೆ ಬೇಕೆಂದು ಕೇಳುವ ನೆಪದಲ್ಲಿ ಆರ್ಸೆನಿಯೊ ಹತ್ತಿರ, "ನೀವು ಎಂದಾದ್ರೂ ಸಾಲು ಬಿಟ್ಟು ಓದಿದೀರಾ?" ಎಂದೆ.

ಯಾಕೆ ಕೇಳಿದೆನೆಂದು ಅವರಿಗೆ ಹೊಳೆಯಿತು. ಕೊನೆ ಅವರಿಗೂ ಗೊತ್ತಲ್ಲ, ಅವರು ಮುಂಚೆಯೇ ಓದಿಕೊಳ್ಳುತ್ತಾರೆ.

"ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಲ. ಬಸುರಿ ಹೆಂಗಸೊಬ್ಳು ಮುಂದಿನ ಸಾಲಲ್ಲಿ ಕೂತಿದ್ಲು, ಕಥೇಲಿ ಕೂಸು ಸಾಯೋದಿತ್ತು. ಬದುಕಿಸ್ಬಿಟ್ಟೆ."

"ಏನಾಯ್ತು?"

"ಒಂದು ಕತ್ತಿ ನೆಲಕ್ಕೆ ಬಿತ್ತು. ಬೇಕಂತ ಎಸೆದದ್ದು. ಮೆಚ್ಚದಿದ್ರೆ ಎಸೀತಾರಲ್ಲ. ಹಿಂದಿನ ಸಾಲಿಂದ."

ಯಾರು ಎಂದು ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಅಮ್ಮನ ಮಣೆ.

ಮೇ ೩, ಮಂಗಳವಾರ

ಓದಿದೆ. ಸಂಜೆ, ಕಿಟಕಿಯ ಬೆಳಕು ಇರುವಾಗಲೇ. ಬಾವಿಯ ಕಟ್ಟೆಯವರೆಗೆ ಬರೆದಿರುವುದನ್ನು ಬರೆದಿರುವ ಹಾಗೆ ಓದಿದೆ. ಅವನು ಕೂತ. ಅಮ್ಮ ಕಣ್ಣು ಮುಚ್ಚಿದ್ದಳು, ಹೊದಿಕೆಯ ಅಂಚನ್ನು ಬೆರಳುಗಳು ಸುರುಟಿನ ಹಾಗೆ ಸುತ್ತುತ್ತಿದ್ದವು. ನಾನು ಅವಳ ಬೆರಳು ನೋಡಿದೆ, ಪುಟ ನೋಡಿದೆ.

"ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದ" ಎಂದೆ.

ಒಂದು ಸಲ ಎದ್ದ ಮೇಲೆ ನಡೆಸಲೇಬೇಕಲ್ಲ. ಬಾವಿಯಿಂದ ನೀರು ಸೇದಿ ಮುಖ ತೊಳೆದ. ನೀರು ಉಪ್ಪುಪ್ಪಾಗಿತ್ತು. ತೋಳಿಗೆ ಮೂತಿ ಒರೆಸಿಕೊಂಡ. ದೀಪದ ಕಡೆ ನಡೆದ. ನಾಯಿ ಬೊಗಳಿತು, ಗುರುತು ಹಿಡಿದು ಸುಮ್ಮನಾಯಿತು. ಇನೆಸ್ ಬಾಗಿಲು ತೆರೆದು, ಇಷ್ಟು ದಿನದ ಸಿಟ್ಟೆಲ್ಲ ಬಾಯಿಗೆ ಬಂದರೂ, "ಸಾರು ಆರಿಹೋಗಿದೆ, ಬಿಸಿ ಮಾಡ್ತೀನಿ ಇರು" ಎಂದಳು. ಹೇಳುತ್ತ ಹೇಳುತ್ತ ಪುಟವನ್ನೂ ತಿರುಗಿಸಿದೆ, ಎಲ್ಲಿ ತಿರುಗಿಸಬೇಕೋ ಅಲ್ಲೇ. ಎಲ್ಲೂ ತಡವರಿಸಲಿಲ್ಲ. ಪುಸ್ತಕ ಮುಚ್ಚುವಾಗ, ಸಾರಿನ ಪಾತ್ರೆಯ ಮುಚ್ಚಳ ಅಲ್ಲಾಡುತ್ತಿತ್ತು ಎಂದು ಇನ್ನೊಂದು ಸಾಲು ಸೇರಿಸಬಹುದಿತ್ತು ಎನಿಸಿತು.

ಅಮ್ಮ ಹೊದಿಕೆಯ ಅಂಚನ್ನು ಬಿಟ್ಟು ಕಣ್ಣು ತೆರೆದಳು.

"ಬಿಸಿ ಮಾಡ್ತೀನಿ ಅಂದ್ಲಾ?"

"ಹ್ಞೂಂ."

"ನಮ್ದೂ ಬಿಸಿ ಮಾಡು. ನಾಳೆ ಬೇಗ ಏಳ್ಬೇಕು."

ಮೇ ೪, ಬುಧವಾರ

ಗಾಡಿ ಬಂತು. ಹತ್ತಿದಳು. ಚಾಲಕನಿಗೆ ಗುಂಡಿ ತಪ್ಪಿಸು ಎಂದು ದಾರಿಯುದ್ದಕ್ಕೂ ಬೈದಳು. ಪುಸ್ತಕ ಎಡೆಲ್ಮಿರಾ ಕೈಯಲ್ಲಿ ಹಜಾರಕ್ಕೆ ಹೋಯಿತು.

ಮೇ ೭, ಶನಿವಾರ, ಆಸ್ಪತ್ರೆ

ಗುರುವಾರ ಮೂಳೆ ಕೂಡಿಸಿದರು. ಚೆನ್ನಾಗಿ ಆಯಿತಂತೆ. ಆದರೆ ಆಮೇಲೆ ಜ್ವರ. ನಿನ್ನೆಯೆಲ್ಲ ಕಣ್ಣು ತೆರೆಯಲಿಲ್ಲ, ಕರೆದರೆ ಓಗೊಡಲಿಲ್ಲ. ಮನೆಯಿಂದ ತಂದ ಹಾಸಿಗೆ ಬಟ್ಟೆ, ಮನೆಯಿಂದ ತಂದ ಬಕೆಟ್ಟು, ನಡುವೆ ಅಮ್ಮ. ನಾನು ಕುರ್ಚಿಯಲ್ಲಿ. ಕೈಗೆ ಕೆಲಸವಿಲ್ಲದೆ ಕೂರಲಾಗಲಿಲ್ಲ. ಪಕ್ಕದ ಹಾಸಿಗೆಯ ಹೆಂಗಸಿನ ಹತ್ತಿರ ಮುಖಪುಟ ಹರಿದ ಒಂದು ಕಾದಂಬರಿ ಇತ್ತು, ಅವಳ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಓದಿ ಹೇಳ್ತೀಯಾ ಎಂದಳು. ಓದಿದೆ. ಆಚೆ ಹಾಸಿಗೆಯವರು ಜೋರಾಗಿ ಎಂದರು. ಜೋರಾಗಿ ಓದಿದೆ. ಎಷ್ಟು ಹೊತ್ತು ಓದಿದೆನೋ.

ಒಂದು ಯೋಚನೆ ಮಾತ್ರ ಕೊರೆಯುತ್ತಲೇ ಇದೆ. ಹಜಾರ ಕೊನೆಗೆ ಬಂದ ದಿನ ಎಡೆಲ್ಮಿರಾ ಅಳುತ್ತ ಬಂದು ನಿಂತರೆ?

ಮಧ್ಯಾಹ್ನದ ಮೇಲೆ ಜ್ವರ ಇಳಿಯಿತು. ಪುಟ ತಿರುಗಿಸುತ್ತಿದ್ದೆ, ಹಿಂದಿನಿಂದ ಒಣಗಿದ ದನಿ.

"ಮಿಗ್ದಾ."

ಪುಸ್ತಕ ಕೆಳಗಿಟ್ಟು ಓಡಿದೆ. "ಅಮ್ಮಾ! ನೋವಾ? ಡಾಕ್ಟರನ್ನ ಕರೀಲಾ?"

"ಬಾಯಿ ಒಣಗಿದೆ."

ಬಟ್ಟೆ ಒದ್ದೆ ಮಾಡಿ ತುಟಿಗೆ ಹಿಡಿದೆ. ಹೀರಿಕೊಂಡಳು. ಕಣ್ಣು ತೆರೆದೇ ಇತ್ತು, ನನ್ನ ಮೇಲೇ ಇತ್ತು.

"ಎಷ್ಟೊತ್ತಿಂದ ಕೇಳ್ತಿದೀನಿ. ಈಗ ಚೆನ್ನಾಗಿ ಓದ್ತೀಯ," ಎಂದಳು.

"ಸುಮ್ನಿರಮ್ಮಾ, ಮಾತಾಡ್ಬೇಡ."

"ಆ ಪುಸ್ತಕ ಎಲ್ಲಿ?"

"ಹಜಾರದಲ್ಲಿದೆ. ಆರ್ಸೆನಿಯೊ ಹತ್ರ."

"ಸೋಮವಾರ ಹೋಗ್ತೀಯಲ್ಲ ಕೆಲಸಕ್ಕೆ?"

"ಹೋಗ್ತೀನಿ."

ಅವಳ ಬೆರಳು ನನ್ನ ಮಣಿಕಟ್ಟು ಹಿಡಿಯಿತು. ಜ್ವರ ಬಿಟ್ಟ ಕೈ, ತಣ್ಣಗಿತ್ತು, ಹಿಡಿತ ಮಾತ್ರ ಮಣೆಯ ಮುಂದೆ ಕೂತ ಕಾಲದ್ದೇ.

"ಬಾವಿ ಕಟ್ಟೆ ಮೇಲೆ ಕೂತೋನು ಎದ್ದ ಅಂತ ಓದಿದ್ಯಲ್ಲ ಮಗಳೇ, ಆ ಸಾಲೊಂದನ್ನ ಇನ್ನೊಂದ್ಸಲ ನೋಡ್ಕೊಂಡ್ ಬಾ."